ಅಳಿಸಿದಷ್ಟೂ ಕಪ್ಪಾಗುವ ಕಾಮಿಕ್ ಸ್ಟ್ರಿಪ್‌ಗಳು

ಗಾರ್ಫೀಲ್ಡ್ ಎಂಬ ಬೆಕ್ಕಿನ ಕಾಮಿಕ್ ಸ್ಟ್ರಿಪ್‌ನಿಂದ ಗಾರ್ಫೀಲ್ಡ್‌ನನ್ನೇ ಅಳಿಸಿಬಿಟ್ಟರೆ ಏನು ಉಳಿಯುತ್ತದೆ? ಅವನ ಯಜಮಾನ ಜಾನ್ ಆರ್ಬಕಲ್ ಉಳಿಯುತ್ತಾನೆ, ಅಷ್ಟೇ. ಖಾಲಿ ಮೇಜಿನ ಮುಂದೆ ಕೂತು, ಯಾರಿಗೋ ಏನೋ ಹೇಳಿ, ಉತ್ತರ ಬರದೆ, ಸುಮ್ನೆ ಎದುರಿಗೆ ನೋಡುತ್ತಾ ಇರುವ ಒಬ್ಬ ಗಂಡಸು. 2008ರಲ್ಲಿ ಐರ್ಲೆಂಡಿನ ಡ್ಯಾನ್ ವಾಲ್ಶ್ ಎಂಬುವವರು ಇಂಥ ಸ್ಟ್ರಿಪ್‌ಗಳನ್ನು ‘ಗಾರ್ಫೀಲ್ಡ್ ಮೈನಸ್ ಗಾರ್ಫೀಲ್ಡ್’ ಅಂತ ಹೆಸರಿಟ್ಟು ನೆಟ್‌ಗೆ ಹಾಕತೊಡಗಿದರು. ಬೆಕ್ಕು ಇದ್ದ ಜಾಗವನ್ನು ಮುಚ್ಚಿದ್ದು ಬಿಟ್ಟರೆ ಅವರು ಹೊಸದಾಗಿ ಏನನ್ನೂ ಬರೆಯಲಿಲ್ಲ, ಒಂದು ಮಾತನ್ನೂ ಸೇರಿಸಲಿಲ್ಲ. ಆದರೂ ನೋಡಿದವರು ಮೊದಲು ನಕ್ಕರು, ಆಮೇಲೆ ಒಂಚೂರು ಹೆದರಿದರು.

ಪೇಪರಿನ ಕಾಮಿಕ್ ಸ್ಟ್ರಿಪ್‌ಗಳನ್ನು ತಿರುಚಿ ಡಾರ್ಕ್ ಕಾಮಿಡಿ ಮಾಡುವ ಈ ಆಟ ನನಗೆ ತುಂಬಾ ಇಷ್ಟ. ನೋಡುವುದೂ ಇಷ್ಟ, ಬಿಡುವಿದ್ದಾಗ ಕೂತು ಮಾಡುವುದೂ ಇಷ್ಟ. ಹಾಗೆ ನೋಡುತ್ತಾ ಮಾಡುತ್ತಾ ನನ್ನಲ್ಲಿ ಒಂದು ಹಟದ ಅಭಿಪ್ರಾಯ ಬೆಳೆದುಬಿಟ್ಟಿದೆ. ಸ್ಟ್ರಿಪ್‌ಗೆ ಏನಾದರೂ ಸೇರಿಸಿ ಅದನ್ನು ಕಪ್ಪು ಮಾಡುವುದು ಸುಲಭದ ಕೆಲಸ, ಅದು ಎರಡು ದಿನಕ್ಕೆ ಹಳಸುತ್ತದೆ. ತೆಗೆದು ಕಪ್ಪು ಮಾಡಿದ್ದು ಮಾತ್ರ ನಿಲ್ಲುತ್ತದೆ. ಯಾಕೆಂದರೆ ಆ ಕಪ್ಪು ಅಲ್ಲೇ ಇತ್ತು. ನಗೆಯೊಂದು ಅದರ ಮುಂದೆ ನಿಂತಿತ್ತು, ನಾವು ಅದನ್ನು ಪಕ್ಕಕ್ಕೆ ಸರಿಸಿದೆವು.

ಇದು ಹೇಗೆ ಕೆಲಸ ಮಾಡುತ್ತದೆ ಅಂತ ಹತ್ತಿರದಿಂದ ನೋಡೋಣ. ಗಾರ್ಫೀಲ್ಡ್ ದಿನದ ಸ್ಟ್ರಿಪ್ ಅಂದರೆ ಸಾಮಾನ್ಯವಾಗಿ ಮೂರು ಚೌಕ. ಮೊದಲನೆಯದರಲ್ಲಿ ಜಾನ್ ಏನೋ ಹೇಳುತ್ತಾನೆ. ಎರಡನೆಯದರಲ್ಲಿ ಒಂದು ನಿಲುಗಡೆ, ಇಬ್ಬರೂ ಸುಮ್ಮನಿರುತ್ತಾರೆ, ಇಲ್ಲಾ ಒಬ್ಬರು ಇನ್ನೊಬ್ಬರ ಕಡೆ ನೋಡುತ್ತಾರೆ. ಮೂರನೆಯದರಲ್ಲಿ ಬೆಕ್ಕಿನ ಕುಹಕ. ಇಂಥದ್ದೊಂದನ್ನು ಊಹಿಸಿಕೊಳ್ಳಿ: ‘ಈ ಸಲ ನಾನು ಬದಲಾಗಿಯೇ ಬದಲಾಗುತ್ತೇನೆ’ ಅಂತ ಜಾನ್ ಬೆರಳೆತ್ತಿ ಹೇಳುತ್ತಾನೆ. ಬೆಕ್ಕು ಅವನನ್ನು ನೋಡುತ್ತದೆ. ‘ಪ್ಯಾಂಟ್ ಬದಲಾಯಿಸಿದರೆ ಸಾಕಾಗಿತ್ತು’ ಅಂತ ಮನಸ್ಸಿನಲ್ಲೇ ಅಂದುಕೊಳ್ಳುತ್ತದೆ. ನಾವು ನಕ್ಕು ಮುಂದಿನ ಪುಟಕ್ಕೆ ಹೋಗುತ್ತೇವೆ. ಈಗ ಬೆಕ್ಕನ್ನು ತೆಗೆಯಿರಿ. ಜಾನ್ ಬೆರಳೆತ್ತಿ ಬದಲಾಗುತ್ತೇನೆ ಅನ್ನುತ್ತಾನೆ. ಎರಡನೆಯ ಚೌಕದಲ್ಲಿ ಬೆರಳು ಇನ್ನೂ ಮೇಲೇ ಇದೆ. ಮೂರನೆಯದರಲ್ಲೂ ಮೇಲೇ ಇದೆ. ಬೆಕ್ಕಿದ್ದಾಗ ಆ ಎರಡು ಚೌಕಗಳ ಮೌನ ಬರೀ ಟೈಮಿಂಗ್ ಆಗಿತ್ತು, ಜೋಕಿಗೆ ದಾರಿ ಮಾಡಿಕೊಡುವ ತಂತ್ರ. ಬೆಕ್ಕು ಹೋದ ಮೇಲೆ ಅದೇ ಮೌನ ಜಾನ್‌ನ ಬದುಕಾಗಿಬಿಡುತ್ತದೆ.

ಅಳಿಸುವ ಕೈಕೆಲಸಕ್ಕೂ ಗಾರ್ಫೀಲ್ಡ್ ಹೇಳಿ ಮಾಡಿಸಿದಂತಿದೆ. ಹಿನ್ನೆಲೆ ಒಂದೇ ಬಣ್ಣ, ಮೇಜು ಅಂದರೆ ಅಡ್ಡಕ್ಕೆ ಎಳೆದ ಒಂದು ನೇರ ಗೆರೆ. ಬೆಕ್ಕನ್ನು ತೆಗೆದು ಗೆರೆಯನ್ನು ಈ ಕಡೆಯಿಂದ ಆ ಕಡೆಗೆ ಸೇರಿಸಿಬಿಟ್ಟರೆ ಮುಗಿಯಿತು, ಅಲ್ಲಿ ಯಾರೋ ಇದ್ದರು ಅಂತ ಗೊತ್ತೇ ಆಗುವುದಿಲ್ಲ. ತಲೆನೋವು ಬರುವುದು ಜಾನ್ ಮತ್ತು ಬೆಕ್ಕು ಒಬ್ಬರಿಗೊಬ್ಬರು ತಾಗಿಕೊಂಡಿರುವ ಕಡೆ. ಬೆಕ್ಕನ್ನು ಎತ್ತಿಕೊಂಡಿದ್ದರೆ ಜಾನ್‌ನ ತೋಳು ಹಾಗೇ ಉಳಿಯುತ್ತದೆ, ಬೆಕ್ಕಿನ ಹಿಂದೆ ಅಡಗಿದ್ದ ಬೆರಳುಗಳನ್ನು ನಾವೇ ಬರೆಯಬೇಕು. ಬೆರಳು ಬರೆಯಲು ಹೋದರೆ ಕೈ ಬದಲಾಗಿದ್ದು ತಕ್ಷಣ ಕಾಣುತ್ತದೆ. ಅಂಥ ಸ್ಟ್ರಿಪ್ ಬಿಟ್ಟು ಬೇರೆ ಹುಡುಕುವುದೇ ಮೇಲು.

ಬೆಕ್ಕನ್ನು ಪೂರ್ತಿ ತೆಗೆಯುವುದಕ್ಕಿಂತ ಮೊದಲೇ ಇನ್ನೊಂದು ಆಟ ನಡೆಯುತ್ತಿತ್ತು, ನನಗೆ ಅದೇ ಒಂದು ಕೈ ಜಾಸ್ತಿ ಇಷ್ಟ. ಬೆಕ್ಕನ್ನು ಬಿಟ್ಟು ಅದರ ಯೋಚನೆಯ ಗುಳ್ಳೆಯನ್ನಷ್ಟೇ ಅಳಿಸುವುದು. ಗಾರ್ಫೀಲ್ಡ್ ಬಾಯಿಬಿಟ್ಟು ಮಾತಾಡುವುದಿಲ್ಲ, ಗಮನಿಸಿದ್ದೀರಾ? ಅವನದೆಲ್ಲ ಮೋಡದಂಥ ಗುಳ್ಳೆ, ಅಂದರೆ ಮನಸ್ಸಿನ ಮಾತು. ಓದುವ ನಮಗೆ ಅದು ಕೇಳಿಸುತ್ತದೆ, ಜಾನ್‌ಗೆ ಕೇಳಿಸುವ ಹಾಗಿಲ್ಲ. ಹಾಗಾಗಿ ಗುಳ್ಳೆ ಅಳಿಸಿದಾಗ ನಮಗೆ ಸಿಗುವುದು ತಿರುಚಿದ ಸ್ಟ್ರಿಪ್ ಅಲ್ಲ, ಜಾನ್ ದಿನಾ ನೋಡುವ ಸ್ಟ್ರಿಪ್! ತನ್ನ ಕಷ್ಟವನ್ನೆಲ್ಲ ಬೆಕ್ಕಿನ ಮುಂದೆ ಹೇಳಿಕೊಳ್ಳುವ, ಬೆಕ್ಕು ಬೆಕ್ಕಿನ ಹಾಗೆ ಸುಮ್ಮನೆ ಕೂತಿರುವ ಮನೆ. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕಾರ್ಟೂನ್ ಬೆಕ್ಕಿನ ಜಾಗದಲ್ಲಿ ನಿಜವಾದ ಬೆಕ್ಕಿನಂಥ ಚಿತ್ರ ಕೂರಿಸಿದರು. ಅದೂ ಚೆನ್ನಾಗಿದೆ, ಆದರೆ ಗುಳ್ಳೆ ಅಳಿಸಿದಷ್ಟು ಚುರುಕಾಗಿಲ್ಲ.

ಗಾರ್ಫೀಲ್ಡ್ ಸೃಷ್ಟಿಸಿದ ಜಿಮ್ ಡೇವಿಸ್ ಇದಕ್ಕೆ ಏನಂದರು ಅಂತ ಕೇಳಬಹುದು. ಗಾರ್ಫೀಲ್ಡ್ 1978ರ ಜೂನ್ 19ಕ್ಕೆ ಶುರುವಾದದ್ದು, ಒಂದು ಕಾಲಕ್ಕೆ ಪ್ರಪಂಚದಲ್ಲಿ 2,500ಕ್ಕೂ ಜಾಸ್ತಿ ಪೇಪರ್‌ಗಳಲ್ಲಿ ಬರುತ್ತಿತ್ತು, ಅಂಥ ಆಸ್ತಿಯ ಒಡೆಯ ವಕೀಲರನ್ನು ಕಳಿಸಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಅವರು ಕಳಿಸಲಿಲ್ಲ. ಇಷ್ಟಪಟ್ಟರು, ಮೆಚ್ಚಿ ಮಾತಾಡಿದರು, ಅದೇ 2008ರಲ್ಲಿ ಅಧಿಕೃತವಾಗಿ ಪುಸ್ತಕವೂ ಬಂತು. ಮೂಲ ಸ್ಟ್ರಿಪ್ ಮತ್ತು ಬೆಕ್ಕಿಲ್ಲದ ಸ್ಟ್ರಿಪ್ ಎರಡೂ ಅದರಲ್ಲಿವೆ. ಎರಡನ್ನೂ ಹೋಲಿಸಿ ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಎಷ್ಟೋ ಕಡೆ ಬೆಕ್ಕಿಲ್ಲದ್ದೇ ಹೆಚ್ಚು ನಗು ತರುತ್ತದೆ.

ಇನ್ನು ಸೇರಿಸುವವರ ವಿಷಯ. ಮುಗ್ಧ ಪಾತ್ರದ ಬಾಯಿಗೆ ಕೆಟ್ಟ ಬೈಗುಳ ಹಾಕುವುದು, ಕೈಗೆ ಚಾಕು ಕೊಡುವುದು, ಕೊನೆಯ ಚೌಕದಲ್ಲಿ ಕೆಂಪು ಬಣ್ಣ ಚೆಲ್ಲುವುದು. ಮೊದಲ ಸಲ ನೋಡಿದಾಗ ಬೆಚ್ಚಿ ನಗು ಬರುತ್ತದೆ, ಇಲ್ಲ ಅನ್ನುವುದಿಲ್ಲ. ಎರಡನೆಯದು ನೋಡುವಾಗಲೇ ಏನು ಬರುತ್ತದೆ ಅಂತ ಗೊತ್ತಾಗಿರುತ್ತದೆ. ‘ಕ್ಯಾಲ್ವಿನ್ ಅಂಡ್ ಹಾಬ್ಸ್’ ಸ್ಟ್ರಿಪ್‌ನ ಹುಡುಗ ಕ್ಯಾಲ್ವಿನ್ ಉಚ್ಚೆ ಹೊಯ್ಯುವ ಸ್ಟಿಕರ್ ಗೊತ್ತಲ್ವಾ, ಕಾರಿನ ಹಿಂದಿನ ಗಾಜಿಗೆ ಅಂಟಿಸುವುದು? ಆ ಸ್ಟ್ರಿಪ್ ಬರೆದ ಬಿಲ್ ವಾಟರ್ಸನ್ ತಮ್ಮ ಪಾತ್ರಗಳ ಮೇಲೆ ಸರಕು ಮಾರುವುದಕ್ಕೇ ಒಪ್ಪದ ಮನುಷ್ಯ, ಆ ಸ್ಟಿಕರ್‌ಗಳೆಲ್ಲ ಅನುಮತಿಯಿಲ್ಲದವು. ಆ ಹುಡುಗನಲ್ಲಿದ್ದ ತಲೆಹರಟೆ, ಕಲ್ಪನೆ, ಒಂಟಿತನ ಎಲ್ಲ ಹೋಗಿ ಉಳಿದದ್ದು ಒಂದು ಕೊಳಕು ನಗೆ ಮಾತ್ರ. ಇದನ್ನು ಯಾರು ಬೇಕಾದರೂ ಯಾವ ಹುಡುಗನ ಚಿತ್ರದ ಮೇಲೆ ಬೇಕಾದರೂ ಮಾಡಬಹುದಿತ್ತು, ಕ್ಯಾಲ್ವಿನ್ನೇ ಬೇಕಿರಲಿಲ್ಲ.

ಕ್ಯಾಲ್ವಿನ್‌ಗೆ ಮಾತ್ರೆ ಕೊಟ್ಟ ಸ್ಟ್ರಿಪ್ ಕೂಡ ವರ್ಷಗಳಿಂದ ಸುತ್ತುತ್ತಿದೆ. ಮಾತ್ರೆ ತೆಗೆದುಕೊಂಡು ಅವನು ಓದಿನ ಹುಡುಗನಾಗುತ್ತಾನೆ, ಹಾಬ್ಸ್ ಬರೀ ಬಟ್ಟೆಯ ಹುಲಿಯಾಗಿ ಬಿದ್ದಿರುತ್ತದೆ. ಜನ ಇದನ್ನು ನೋಡಿ ಕಣ್ಣೀರು ಹಾಕುತ್ತಾರೆ. ನನಗೆ ಸ್ವಲ್ಪ ಕಿರಿಕಿರಿ. ಹಾಬ್ಸ್ ಬೇರೆಯವರ ಕಣ್ಣಿಗೆ ಬೊಂಬೆ, ಕ್ಯಾಲ್ವಿನ್ ಕಣ್ಣಿಗೆ ಜೀವ, ಇದು ಮೂಲ ಸ್ಟ್ರಿಪ್‌ನಲ್ಲಿ 1985ರಿಂದ 1995ರವರೆಗೆ ಹತ್ತು ವರ್ಷ ದಿನಾ ಇದ್ದ ವಿಷಯ. ಅದನ್ನೇ ಮಾತ್ರೆಯ ಡಬ್ಬಿ ತಂದು ವಿವರಿಸಿದರೆ ಹೊಸದೇನು ಹೇಳಿದಂತಾಯಿತು?

ಚಾರ್ಲಿ ಬ್ರೌನ್ ಎಂಬ ಹುಡುಗ ಮತ್ತು ಅವನ ಗೆಳೆಯರ ಸ್ಟ್ರಿಪ್ ಪೀನಟ್ಸ್‌ಗೆ ಬಂದರೆ ಅಳಿಸುವ ಕಲೆ ಇನ್ನೂ ಸರಳ. 2011ರಲ್ಲಿ ಒಂದು ಸೈಟ್ ಬಂತು, ಅಲ್ಲಿ ಮಾಡುತ್ತಿದ್ದದ್ದು ಇಷ್ಟೇ: ನಾಲ್ಕು ಚೌಕದ ಪೀನಟ್ಸ್ ಸ್ಟ್ರಿಪ್ ತೆಗೆದುಕೊಂಡು ಕೊನೆಯ ಚೌಕ ಕತ್ತರಿಸುವುದು. ಗೆರೆ ಸೇರಿಸುವ ಕೆಲಸವೂ ಇಲ್ಲ, ಬಣ್ಣ ತುಂಬುವ ಕೆಲಸವೂ ಇಲ್ಲ. ಇದು ಇಷ್ಟು ಸಲೀಸಾಗಿ ಆಗುವುದಕ್ಕೆ ಒಂದು ಕಾರಣ ಇದೆ. 1950ರಲ್ಲಿ ಪೀನಟ್ಸ್ ಅನ್ನು ಪೇಪರ್‌ಗಳಿಗೆ ಮಾರಿದ್ದೇ ಜಾಗ ಉಳಿಸುವ ಸ್ಟ್ರಿಪ್ ಅಂತ. ನಾಲ್ಕು ಚೌಕವೂ ಒಂದೇ ಅಳತೆ. ಸಂಪಾದಕರು ಅಡ್ಡ ಸಾಲಾಗಿ ಹಾಕಬಹುದು, ಉದ್ದಕ್ಕೆ ಒಂದರ ಕೆಳಗೊಂದು ಹಾಕಬಹುದು, ಎರಡೆರಡು ಜೋಡಿಸಿ ಚೌಕಾಕಾರವಾಗಿಯೂ ಹಾಕಬಹುದು. ಅದನ್ನು ಬರೆಯುತ್ತಿದ್ದ ಚಾರ್ಲ್ಸ್ ಶುಲ್ಜ್ ಈ ಕಟ್ಟಿನಿಂದ ಬಿಡಿಸಿಕೊಂಡದ್ದು 1988ರಲ್ಲಿ. ಪೇಪರಿನವರ ಜಾಗದ ಜಿಪುಣತನದಿಂದ ಹುಟ್ಟಿದ ಅಳತೆ, ಎಷ್ಟೋ ವರ್ಷದ ಮೇಲೆ ಕತ್ತರಿ ಹಿಡಿದವರಿಗೆ ಅನುಕೂಲವಾಯಿತು.

ಆ ಕೊನೆಯ ಚೌಕ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಲೂಸಿ ಎಂಬ ಹುಡುಗಿಯ ಮನೋವೈದ್ಯದ ಅಂಗಡಿಗಿಂತ ಒಳ್ಳೆ ಉದಾಹರಣೆ ಸಿಗಲಿಕ್ಕಿಲ್ಲ. ಆ ಅಂಗಡಿ ಮೊದಲು ಬಂದದ್ದು 1959ರ ಮಾರ್ಚ್ 27ಕ್ಕೆ. ಚಾರ್ಲಿ ಬ್ರೌನ್ ಹೋಗಿ, ನನಗೆ ಮನಸ್ಸಿನ ಆಳದಲ್ಲಿ ತುಂಬಾ ಖಿನ್ನತೆ ಇದೆ, ಏನು ಮಾಡಲಿ ಅಂತ ಕೇಳುತ್ತಾನೆ. ಅದರಿಂದ ಹೊರಗೆ ಬಾ, ಐದು ಸೆಂಟ್ ಕೊಡು ಅಂತ ಲೂಸಿ ಹೇಳುತ್ತಾಳೆ. ಆ ಉತ್ತರ ಎಷ್ಟು ಕ್ರೂರವೋ ಅಷ್ಟೇ ನಗು ಬರಿಸುವಂಥದ್ದು. ಈಗ ಆ ಉತ್ತರವನ್ನು ಕತ್ತರಿಸಿ. ಒಬ್ಬ ಚಿಕ್ಕ ಹುಡುಗ ಏನು ಮಾಡಲಿ ಅಂತ ಕೇಳಿದ್ದಾನೆ. ಅಲ್ಲಿಗೆ ಸ್ಟ್ರಿಪ್ ಮುಗಿಯಿತು. ಐದು ಸೆಂಟ್ ಕೇಳುವವರೂ ಇಲ್ಲ.

ಆದರೆ ನನ್ನ ಈ ಸಿದ್ಧಾಂತಕ್ಕೆ ಅಡ್ಡಗಾಲು ಹಾಕುವ ಸ್ಟ್ರಿಪ್ ಒಂದಿದೆ, ಅದೂ ಪೀನಟ್ಸ್‌ನ ಮೊಟ್ಟಮೊದಲನೆಯದು. 1950ರ ಅಕ್ಟೋಬರ್ 2. ಇಬ್ಬರು ಮಕ್ಕಳು ರಸ್ತೆ ಬದಿಯಲ್ಲಿ ಕೂತಿದ್ದಾರೆ. ಚಾರ್ಲಿ ಬ್ರೌನ್ ನಗುತ್ತಾ ಅವರ ಮುಂದೆ ನಡೆದು ಹೋಗುತ್ತಾನೆ. ಓ, ನಮ್ಮ ಚಾರ್ಲಿ ಬ್ರೌನ್ ಬಂದ, ಒಳ್ಳೆಯ ಚಾರ್ಲಿ ಬ್ರೌನ್ ಅಂತ ಹುಡುಗ ಹೇಳುತ್ತಾನೆ. ಮೂರನೆಯ ಚೌಕದಲ್ಲೂ ಅದೇ ಹೊಗಳಿಕೆ. ನಾಲ್ಕನೆಯದರಲ್ಲಿ ಚಾರ್ಲಿ ದಾಟಿ ಹೋಗಿದ್ದಾನೆ, ಹುಡುಗ ಮುಖ ಗಂಟುಹಾಕಿ, ಅವನನ್ನು ಕಂಡರೆ ನನಗಾಗುವುದಿಲ್ಲ ಅನ್ನುತ್ತಾನೆ. ಇದರ ಕೊನೆಯ ಚೌಕ ತೆಗೆದರೆ ಕಪ್ಪಾಗುವುದಿಲ್ಲ, ಬೆಳ್ಳಗಾಗುತ್ತದೆ! ಮಕ್ಕಳ ಸ್ನೇಹದ ಒಂದು ಸಿಹಿ ಚಿತ್ರ ಉಳಿಯುತ್ತದೆ. ಅಂದರೆ ಶುಲ್ಜ್ ಮೊದಲ ದಿನ ಕತ್ತಲೆಯನ್ನೇ ಪಂಚ್‌ಲೈನ್ ಮಾಡಿದ್ದರು. ಆಮೇಲೆ ಅದನ್ನು ಒಳಗೆ, ಮೊದಲ ಮೂರು ಚೌಕಗಳಿಗೆ ಸರಿಸಿ, ನಾಲ್ಕನೆಯದರಲ್ಲಿ ನಗೆ ಇಡುವುದು ಅವರಿಗೆ ರೂಢಿಯಾಯಿತು. 2000ದ ಫೆಬ್ರವರಿ 12ರ ರಾತ್ರಿ ಅವರು ತೀರಿಕೊಂಡರು, ಮಾರನೆಯ ದಿನದ ಪೇಪರಿನಲ್ಲಿ ಕೊನೆಯ ಸ್ಟ್ರಿಪ್ ಬಂತು. ಒಟ್ಟು 17,897 ಸ್ಟ್ರಿಪ್. ಕತ್ತರಿಸುವವರಿಗೆ ಕೆಲಸಕ್ಕೆ ಬರವಿಲ್ಲ.

ದಿ ಫ್ಯಾಮಿಲಿ ಸರ್ಕಸ್ ಕಥೆ ಬೇರೆ. ಇದು ಬಿಲ್ ಕೀನ್ 1960ರಲ್ಲಿ ಶುರುಮಾಡಿದ್ದು, ಒಂದೇ ಚಿತ್ರ, ದುಂಡಗಿನ ಚೌಕಟ್ಟು, ಕೆಳಗೆ ಒಂದು ಸಾಲು. ಆ ಸಾಲು ಚಿತ್ರದ ಒಳಗಿಲ್ಲ, ಹೊರಗಿದೆ, ಹಾಗಾಗಿ ಅದನ್ನು ಕಿತ್ತು ಬೇರೆ ಹಾಕಲು ಏನೂ ತೊಂದರೆಯಿಲ್ಲ. 1990ರ ದಶಕದಲ್ಲಿ ‘ಡಿಸ್‌ಫಂಕ್ಷನಲ್ ಫ್ಯಾಮಿಲಿ ಸರ್ಕಸ್’ ಅನ್ನುವ ಸೈಟ್ ಇದನ್ನೇ ಮಾಡಿತು. ಚಿತ್ರ ಹಾಕುವುದು, ಅಡಿಸಾಲು ಬರೆಯಿರಿ ಅಂತ ಓದುಗರಿಗೆ ಬಿಡುವುದು. ಓದುಗರು ಎಂಥದ್ದನ್ನು ಬರೆದಿರಬಹುದು ಅಂತ ನಾನು ಹೇಳಬೇಕಿಲ್ಲ. ಕೊಲೆ, ಕುಡಿತ, ಹಾದರ, ಎಲ್ಲವೂ ಆ ದುಂಡು ಮುಖದ ಮಕ್ಕಳ ಮನೆಯಲ್ಲಿ. ಕೆಲವು ನಿಜಕ್ಕೂ ಚೂಪಾಗಿದ್ದವು, ಬಹಳಷ್ಟು ಬರೀ ಕೊಚ್ಚೆ.

1999ರಲ್ಲಿ ಸಿಂಡಿಕೇಟ್, ಅಂದರೆ ಸ್ಟ್ರಿಪ್ ಅನ್ನು ಪೇಪರ್‌ಗಳಿಗೆ ಮಾರುವ ಸಂಸ್ಥೆ, ಅದರ ಕಡೆಯಿಂದ ನೋಟಿಸ್ ಬಂತು. ಸೈಟ್ ನಡೆಸುತ್ತಿದ್ದವರು ಕೀನ್ ಜೊತೆ ಫೋನಿನಲ್ಲಿ ಮಾತಾಡಿದರು, ಆಮೇಲೆ ತಾವಾಗಿಯೇ ಮುಚ್ಚಿದರು. ವಕೀಲರ ಕಾಗದಕ್ಕಿಂತ ಆ ಫೋನ್ ಕರೆಯೇ ಜಾಸ್ತಿ ಕೆಲಸ ಮಾಡಿತು ಅಂತ ನನ್ನ ಗುಮಾನಿ. ಕೀನ್ ಬರೆಯುತ್ತಿದ್ದದ್ದು ತಮ್ಮ ಮನೆಯವರನ್ನೇ. ಸ್ಟ್ರಿಪ್‌ನ ಅಮ್ಮ ಥೆಲ್, ಅವರ ಹೆಂಡತಿ ಥೆಲ್ಮಾ. ಜೆಫಿ ಅನ್ನುವ ಹುಡುಗ ಅವರ ಮಗ ಜೆಫ್, ಈಗ ಸ್ಟ್ರಿಪ್ ಬರೆಯುವುದೂ ಅವರೇ. ಗಾರ್ಫೀಲ್ಡ್‌ನ ಬೆಕ್ಕನ್ನು ಅಳಿಸಿದರೆ ಯಾರ ಮನೆಯ ಬೆಕ್ಕೂ ಸಾಯುವುದಿಲ್ಲ. ಇಲ್ಲಿ ಹಾಗಲ್ಲ, ಇವರ ಹೆಂಡತಿಯ ಚಿತ್ರದ ಕೆಳಗೆ ಯಾರೋ ಹೊಲಸು ಬರೆಯುತ್ತಿದ್ದರು. ಹಾಗಂತ ಕೀನ್ ಬಿಗಿ ಮುಖದ ಮನುಷ್ಯರೇನೂ ಅಲ್ಲ. 1997ರ ಏಪ್ರಿಲ್ 1ಕ್ಕೆ ಬಹಳಷ್ಟು ಕಾರ್ಟೂನಿಸ್ಟ್‌ಗಳು ತಮ್ಮ ತಮ್ಮ ಸ್ಟ್ರಿಪ್ ಅದಲುಬದಲು ಮಾಡಿಕೊಂಡಾಗ ಇವರು ಡಿಲ್ಬರ್ಟ್‌ನ ಸ್ಕಾಟ್ ಆಡಮ್ಸ್ ಜೊತೆ ಬದಲಾಯಿಸಿಕೊಂಡವರು.

ಅದೇ ಚಿತ್ರಗಳ ಕೆಳಗೆ ಜರ್ಮನ್ ತತ್ವಜ್ಞಾನಿ ನೀಚೆಯ ಮಾತುಗಳನ್ನು ಕಂಪ್ಯೂಟರ್ ಕೈಗೆ ಸಿಕ್ಕಂತೆ ಜೋಡಿಸುವ ‘ನೀಚೆ ಫ್ಯಾಮಿಲಿ ಸರ್ಕಸ್’ ಆಮೇಲೆ ಬಂತು. ಇದರಲ್ಲಿ ಬೈಗುಳವಿಲ್ಲ, ರಕ್ತವಿಲ್ಲ. ಮಗು ಕಿಟಕಿಯಿಂದ ಹೊರಗೆ ನೋಡುತ್ತಿರುತ್ತದೆ, ಕೆಳಗೆ ದೇವರ ಬಗ್ಗೆಯೋ ಸಾವಿನ ಬಗ್ಗೆಯೋ ಒಂದು ಭಾರವಾದ ಸಾಲು. ಇದು ಸೇರಿಸುವುದೇ ತಾನೇ, ನನ್ನ ಲೆಕ್ಕದಲ್ಲಿ ಹಳಸಬೇಕಿತ್ತು. ಹಳಸಿಲ್ಲ. ಸಾಲನ್ನು ಆರಿಸುವವರು ಯಾರೂ ಇಲ್ಲ ಅನ್ನುವುದೇ ಅದನ್ನು ಕಾಪಾಡಿದೆ ಅಂತ ಕಾಣುತ್ತದೆ. ನಗಿಸಲೇಬೇಕು ಅಂತ ಯಾರೂ ಒದ್ದಾಡುತ್ತಿಲ್ಲ, ಹೊಂದಿದರೆ ಹೊಂದಿತು.

ಈ ಆಟಕ್ಕೆ ದೊಡ್ಡ ಹಿರಿಯರೂ ಇದ್ದಾರೆ. ಪ್ಯಾರಿಸ್ಸಿನ ಗೀ ದೆಬೊರ್ ಮತ್ತು ಜಿಲ್ ವೋಲ್ಮನ್ 1956ರಲ್ಲೇ ಇಂಥ ತಿರುಚುವಿಕೆಗೆ ಒಂದು ಕೈಪಿಡಿಯಂಥ ಲೇಖನ ಬರೆದರು. ಇವರದು ರಾಜಕೀಯದ ಉದ್ದೇಶ. 1966ರಲ್ಲಿ ಸ್ಟ್ರಾಸ್‌ಬರ್ಗಿನ ವಿದ್ಯಾರ್ಥಿಗಳು ಗುಳ್ಳೆಗಳಲ್ಲಿ ಕ್ರಾಂತಿಯ ಮಾತು ತುಂಬಿದ ಕಾಮಿಕ್ ಗೋಡೆಗೆ ಅಂಟಿಸಿದ್ದೂ ಇವರ ಪ್ರಭಾವದಿಂದ. ರಾಜಕೀಯ ಬಿಡಿ, ಆ ಲೇಖನದ ಒಂದು ಸೂತ್ರ ನನಗೆ ಮುಖ್ಯ. ಬದಲಾವಣೆ ಆದಷ್ಟೂ ಸರಳವಾಗಿರಬೇಕು, ಯಾಕೆಂದರೆ ಅದರ ಏಟು ಬೀಳುವುದು ನೋಡುವವರಿಗೆ ಮೂಲ ಎಷ್ಟು ನೆನಪಿದೆ ಅನ್ನುವುದರ ಮೇಲೆ. ಬೆಕ್ಕಿಲ್ಲದ ಜಾನ್‌ನನ್ನು ಗಾರ್ಫೀಲ್ಡ್ ಓದದವರಿಗೆ ತೋರಿಸಿ ನೋಡಿ. ಯಾವುದೋ ಬೇಜಾರಿನ ಸ್ಟ್ರಿಪ್ ಅಂದುಕೊಂಡು ಪಕ್ಕಕ್ಕಿಡುತ್ತಾರೆ. ಅಳಿಸಿದ ಬೆಕ್ಕು ನಮ್ಮ ತಲೆಯಲ್ಲಿ ಇನ್ನೂ ಕೂತಿರುವುದರಿಂದಲೇ ನಮಗೆ ನಗು.

ಕೋರ್ಟಿನವರೂ ಇದೇ ಪ್ರಶ್ನೆಯ ಸುತ್ತ ಸುತ್ತಿದ್ದಾರೆ, ಅದು ಮಜಾ. 1971ರಲ್ಲಿ ಡ್ಯಾನ್ ಓನೀಲ್ ಮತ್ತು ಗೆಳೆಯರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಿಕ್ಕಿ ಮೌಸ್‌ಗೆ ಸೆಕ್ಸು, ಡ್ರಗ್ಸು ಎಲ್ಲ ಹಚ್ಚಿ ‘ಏರ್ ಪೈರೇಟ್ಸ್ ಫನ್ನೀಸ್’ ಅನ್ನುವ ಕಾಮಿಕ್ ತಂದರು. ಡಿಸ್ನಿ ಕೇಸು ಹಾಕಿತು. 1978ರಲ್ಲಿ ಮೇಲ್ಮನವಿ ಕೋರ್ಟ್ ಹೇಳಿದ್ದರ ಸಾರ, ಅಣಕಕ್ಕೆ ಮೂಲವನ್ನು ನೆನಪಿಸುವಷ್ಟು ತೆಗೆದುಕೊಳ್ಳಬಹುದು, ನೀವು ಅದಕ್ಕಿಂತ ಜಾಸ್ತಿ ತೆಗೆದುಕೊಂಡಿರಿ ಅಂತ. ಎಲ್ಲರಿಗೂ ಗೊತ್ತಿರುವ ಮಿಕ್ಕಿಯನ್ನು ನೆನಪಿಸಲು ಸ್ವಲ್ಪ ಸಾಕು ಅನ್ನುವುದು ಅವರ ತರ್ಕ. ಹಾಗೆ ನೋಡಿದರೆ ಇಡೀ ಸ್ಟ್ರಿಪ್ ಇಟ್ಟುಕೊಂಡು ಬೆಕ್ಕನ್ನಷ್ಟೇ ತೆಗೆಯುವ ನಮ್ಮ ದಾರಿಗೆ ಕೋರ್ಟಿನಲ್ಲಿ ಬಲ ಕಮ್ಮಿಯೇ. ಡೇವಿಸ್ ಒಳ್ಳೆಯವರು, ಬದುಕಿಕೊಂಡೆವು.

ಓನೀಲ್ ತಂಡ ಮಿಕ್ಕಿಗೆ ಅಷ್ಟೆಲ್ಲ ಬಣ್ಣ ಬಳಿಯಬೇಕಿತ್ತಾ ಅಂತಲೂ ಅನ್ನಿಸುತ್ತದೆ. 1930ರ ಅಕ್ಟೋಬರ್‌ನ ಪೇಪರ್ ಸ್ಟ್ರಿಪ್‌ಗಳನ್ನು ತೆರೆದರೆ ಸಾಕು. ಮಿನ್ನಿ ಬೇರೆಯವನ ಜೊತೆ ಇದ್ದಾಳೆ ಅಂದುಕೊಂಡು ಮಿಕ್ಕಿ ಸಾಯಲು ಹೊರಡುತ್ತಾನೆ, ಒಂದು ದಿನವಲ್ಲ, ದಿನಗಟ್ಟಲೆ. ಪ್ರತಿ ದಿನ ಏನೋ ಒಂದು ಅಡ್ಡ ಬಂದು ಉಳಿದುಕೊಳ್ಳುತ್ತಾನೆ, ಅದೇ ಅವತ್ತಿನ ಜೋಕು. ಬರೆದದ್ದು ಫ್ಲಾಯ್ಡ್ ಗಾಟ್‌ಫ್ರೆಡ್ಸನ್, ಐಡಿಯಾ ಕೊಟ್ಟದ್ದು ವಾಲ್ಟ್ ಡಿಸ್ನಿಯೇ. ಇದನ್ನು ತಿರುಚಲು ಹೋಗುವವರು ಯಾರು, ತಿರುಚಿ ಮಾಡುವುದಾದರೂ ಏನು?

ಗಾರ್ಫೀಲ್ಡ್‌ನಲ್ಲೂ ಅಂಥ ಒಂದು ವಾರ ಇದೆ, 1989ರ ಅಕ್ಟೋಬರ್ 23ರಿಂದ 28. ಗಾರ್ಫೀಲ್ಡ್ ಎದ್ದು ನೋಡಿದರೆ ಮನೆ ಪಾಳುಬಿದ್ದಿದೆ, ಜಾನ್ ಇಲ್ಲ, ಮನೆಯ ನಾಯಿ ಓಡಿ ಇಲ್ಲ, ಎಷ್ಟೋ ವರ್ಷದಿಂದ ಅಲ್ಲಿ ಯಾರೂ ಇಲ್ಲ. ಕೊನೆಗೆ ಇದನ್ನು ಒಪ್ಪುವುದಿಲ್ಲ ಅಂತ ಹಟ ಹಿಡಿದಾಗ ಜಾನ್ ಮತ್ತು ಓಡಿ ಮತ್ತೆ ಕಾಣಿಸುತ್ತಾರೆ. ಹಾಲೋವೀನ್‌ಗೆ ಹೆದರಿಸಲು ಡೇವಿಸ್ ಬರೆದದ್ದು ಅದು. ಆದರೆ ಗಾರ್ಫೀಲ್ಡ್ ಆ ಮನೆಯಲ್ಲೇ ಹಸಿವಿನಿಂದ ಸಾಯುತ್ತಿದ್ದಾನೆ, ಆಮೇಲೆ ಬಂದ ಸ್ಟ್ರಿಪ್‌ಗಳೆಲ್ಲ ಅವನ ಭ್ರಮೆ ಅಂತ ಓದುಗರು ಕಥೆ ಕಟ್ಟಿ ಇವತ್ತಿಗೂ ವಾದ ಮಾಡುತ್ತಾರೆ. ನನಗೆ ಆ ಕಥೆಯಲ್ಲಿ ನಂಬಿಕೆಯಿಲ್ಲ, ವಾದ ಓದುವುದು ಮಾತ್ರ ಬಿಡುವುದಿಲ್ಲ.

ನೀವೂ ಕೈಯಾಡಿಸುವುದಾದರೆ ಸಪ್ಪೆ ಸ್ಟ್ರಿಪ್ ಆರಿಸಿಕೊಳ್ಳಿ. ಮೊದಲೇ ಚೂಪಾಗಿರುವುದನ್ನು ತಿರುಚಿದರೆ ಮೊಂಡಾಗುತ್ತದೆ. ಭಾನುವಾರದ ದೊಡ್ಡ ಬಣ್ಣದ ಸ್ಟ್ರಿಪ್ ಬೇಡ, ಹಿನ್ನೆಲೆ ಜಾಸ್ತಿ ಇರುತ್ತದೆ. ಒಂದು ಸ್ಟ್ರಿಪ್‌ನಲ್ಲಿ ಒಂದೇ ಒಂದು ವಸ್ತು ತೆಗೆಯಿರಿ. ಕಲಾವಿದರ ಸಹಿ ಮಾತ್ರ ಮುಟ್ಟಬೇಡಿ, ಮಾಡಿದ ಕೆಲಸ ಅವರದ್ದು.

ನಾನಂತೂ ಸದ್ಯ ಲೈಮನ್ ಹಿಂದೆ ಬಿದ್ದಿದ್ದೇನೆ. ಹಳೆಯ ಗಾರ್ಫೀಲ್ಡ್ ಓದಿದವರಿಗೆ ಗೊತ್ತಿರುತ್ತದೆ, 1978ರಲ್ಲಿ ಜಾನ್ ಮನೆಯಲ್ಲಿ ಇರಲು ಬಂದ ದಪ್ಪ ಮೀಸೆಯ ಗೆಳೆಯ, ಓಡಿಯ ಮೊದಲ ಯಜಮಾನ. ಜಾನ್‌ಗೆ ಮಾತಾಡಲು ಒಬ್ಬ ಮನುಷ್ಯ ಬೇಕು ಅಂತ ಡೇವಿಸ್ ಅವನನ್ನು ತಂದರು. ಬೆಕ್ಕೇ ಆ ಕೆಲಸಕ್ಕೆ ಸಾಕು ಅಂತ ಆಮೇಲೆ ಅನ್ನಿಸಿತು. 1983ರ ಹೊತ್ತಿಗೆ ಲೈಮನ್ ಮಾಯ, ಹೋದದ್ದೆಲ್ಲಿಗೆ ಅಂತ ಸ್ಟ್ರಿಪ್‌ನಲ್ಲಿ ಯಾರೂ ಕೇಳಲೂ ಇಲ್ಲ. ನಾಯಿಯನ್ನೂ ಬಿಟ್ಟು ಹೋದ. ಹಾಗಾಗಿ ಡ್ಯಾನ್ ವಾಲ್ಶ್ ಎರಡನೆಯವರು. ಜಾನ್ ಎದುರಿಗಿದ್ದವರನ್ನು ಮೊದಲು ಅಳಿಸಿದವರು ಡೇವಿಸ್ಸೇ, ಅದೂ ಅಷ್ಟೊಂದು ಪೇಪರ್‌ಗಳಲ್ಲಿ, ಎಲ್ಲರ ಕಣ್ಣೆದುರಿಗೆ.